ಐದು ದಿನದ ಜ್ವರ

ಯಶೋದಮ್ಮ ಬಕೆಟ್ಟನ್ನು ಮೇಜಿನ ಮೇಲೆ ಕುಕ್ಕಿದ ರಭಸಕ್ಕೆ ರಮೇಶ್‌ಬಾಬುವಿನ ಕಾಫಿ ಲೋಟ ಉರುಳಿತು.

"ನೋಡ್ಕೋ. ಕಣ್ಣು ಬಿಟ್ಕೊಂಡು ನೋಡ್ಕೋ. ಇದು ಯಾರ ಮನೆ ಕೂಸು?"

ಬಕೆಟ್ಟಿನ ತಳದಲ್ಲಿ ಗೇಣುದ್ದದ ಹಸಿರು ಪ್ರಾಣಿಯೊಂದು ಸತ್ತು ಬಿದ್ದಿತ್ತು. ಬೆನ್ನ ಮೇಲೆ ಗರಗಸದ ಹಲ್ಲಿನಂಥ ಸಾಲು. ಬಾಲ ಮೈಗಿಂತ ಎರಡು ಪಟ್ಟು ಉದ್ದ. ಮೇಲೂರಿನವರು ಇದಕ್ಕೆ ಹಸಿರು ಓತಿಕ್ಯಾತ ಎನ್ನುತ್ತಾರೆ. ರಮೇಶ್‌ಬಾಬುವಿನ ಫಾರಂ ಬೋರ್ಡಿನಲ್ಲಿ ಇಗ್ವಾನಾ ಎಂದಿದೆ.

ಹೋದ ವಾರದ ಕಂತು ತಪ್ಪಿಸಿಕೊಂಡವರಿಗೆ ಒಂದೇ ಸಾಲು: ಈ ಫಾರಂನಲ್ಲಿ ಪ್ರಾಣಿ ನೋಡಿಕೊಳ್ಳುತ್ತಿದ್ದ ಆವಲಪ್ಪ ಶುಕ್ರವಾರದಿಂದ ಕಾಣೆ; ಮೇಲೂರಿನ ಹಿಪ್ಪುನೇರಳೆ ತೋಟಗಳಲ್ಲಿ ಕಂಡ ಹಸಿರು ಮರಿಗಳನ್ನು ಕೊಲ್ಲಲು ಜನ ಔಷಧಿ ಹೊಡೆದು, ಆ ಸೊಪ್ಪು ತಿಂದ ರೇಷ್ಮೆ ಹುಳಗಳು ಏಳು ಮನೆಗಳಲ್ಲಿ ಸತ್ತುಹೋಗಿದ್ದವು.

ಆ ಏಳರಲ್ಲಿ ಯಶೋದಮ್ಮನ ಮನೆಯೂ ಒಂದು.

"ನಂದಲ್ಲ," ಎಂದ ರಮೇಶ್‌ಬಾಬು, ಚೆಲ್ಲಿದ ಕಾಫಿಯನ್ನು ದಿನಪತ್ರಿಕೆಯಿಂದ ಒರೆಸುತ್ತ. ನಗರಗೆರೆ ಕಡೆಯ ಜಮೀನ್ದಾರರ ಮನೆಯವನು. ಕಂಪನಿ ಕೆಲಸ ಬಿಟ್ಟು ಬಂದು ಈ ವಿದೇಶಿ ಪ್ರಾಣಿಗಳ ಫಾರಂ ಮಾಡಿ ನಾಲ್ಕು ವರ್ಷವಾಗಿತ್ತು. "ನನ್ನ ಮರಿ ಅರವತ್ತೆರಡೂ ಜ್ವರ ಬಂದು ಸತ್ತವು. ಶುಕ್ರವಾರ ಮಣ್ಣು ಮಾಡಿದೀವಿ. ಅರಣ್ಯ ಇಲಾಖೆಗೆ ಬರೆದೂ ಕೊಟ್ಟಿದೀನಿ. ಇದು ಬೇರೆ. ಇದನ್ನ ಮಾಡಿದೋನ ಹೆಂಡ್ತಿ ಅಲ್ಲೇ ನಿಂತಿದಾಳೆ, ಅವಳನ್ನ ಕೇಳು."

ಬಾಗಿಲ ಬಳಿ ಮೂವರು ನಿಂತಿದ್ದರು. ಪತ್ತೇದಾರಿ ವರಲಕ್ಷ್ಮಿ, ಅವಳನ್ನು ಚಿಕ್ಕಬಳ್ಳಾಪುರದಿಂದ ಕರೆತಂದ ಆಟೋದ ಕೋನಪ್ಪ, ಇಬ್ಬರ ನಡುವೆ ಸೆರಗು ಬಿಗಿಯಾಗಿ ಹೊದ್ದ ಅಶ್ವತ್ಥಮ್ಮ. ಆವಲಪ್ಪನ ಹೆಂಡತಿ.

"ಮೊಟ್ಟೆ ಕದ್ಕೊಂಡು ಹೋಗಿ, ಮನೇಲಿ ಮರಿ ಮಾಡ್ಸಿ, ಯಾರೂ ತಗೊಳ್ದೇ ಇದ್ದಾಗ ತೋಟಕ್ಕೆ ಬಿಟ್ಟಿದಾನೆ ನಿಮ್ಮೂರ ಆವಲಪ್ಪ. ಈಗ ಓಡಿಹೋಗಿದಾನೆ. ಮೂರು ಗಂಟೆಗೆ ಫಾರೆಸ್ಟ್‌ನೋರು ಬರ್ತಾರೆ, ಅವರ ಮುಂದೇನೇ ಕಳ್ಳತನದ ಕಂಪ್ಲೇಂಟ್ ಕೊಡ್ತೀನಿ. ಅಲ್ಲೀವರೆಗೂ ಇವಳು ಇಲ್ಲಿಂದ ಕದಲೋ ಹಾಗಿಲ್ಲ."

ಸುಮ್ಮನೆ ಹೇಳಿದ ಮಾತಲ್ಲ. ಆಟೋ ಒಳಗೆ ಬಂದ ಕೂಡಲೇ ಅವನು ತನ್ನ ಜೀಪನ್ನು ಗೇಟಿಗೆ ಅಡ್ಡವಾಗಿ ನಿಲ್ಲಿಸಿ, ಕೀಯನ್ನು ಅಂಗಿ ಜೇಬಿಗೆ ಹಾಕಿಕೊಂಡಿದ್ದ. ಬೇಲಿ ಪಕ್ಕದ ಸಂದಿಯಲ್ಲಿ ಮನುಷ್ಯರು ನುಸುಳಬಹುದು, ಗಾಡಿ ಹೋಗುವಂತಿಲ್ಲ.

ಯಶೋದಮ್ಮ ಸಿಟ್ಟಿನ ದಿಕ್ಕು ಬದಲಿಸಿದಳು.

"ಅದೂ ನಿಜ ಕಣೇ ಅಶ್ವತ್ಥಿ. ಏಳು ಮನೆ ಹುಳ ಸತ್ತವು, ನಿನ್ನ ಹುಳಕ್ಕೆ ಮಾತ್ರ ಏನೂ ಆಗ್ಲಿಲ್ಲ. ನಿನ್ನ ತೋಟಕ್ಕೂ ನನ್ನ ತೋಟಕ್ಕೂ ನಡುವೆ ಇರೋದು ಒಂದು ಬದು. ಗಾಳೀಲಿ ಬಂದ ಔಷಧಿ ಬದು ನೋಡಿ ನಿಂತ್ಕೊಂಡ್ಬಿಡ್ತಾ? ಇಲ್ಲಾ ನಿನ್ನ ಗಂಡ ನಿನಗೊಬ್ಳಿಗೆ ಮುಂಚೇನೇ ಹೇಳಿದ್ನಾ?"

"ನನ್ ಗಂಡ ಕಳ್ಳ ಅಲ್ಲ," ಎಂದಳು ಅಶ್ವತ್ಥಮ್ಮ. ಅಷ್ಟೇ.

ಶನಿವಾರ ವರಲಕ್ಷ್ಮಿಯ ಕಚೇರಿಯ ಮೆಟ್ಟಿಲು ಹತ್ತಿ ಬಂದಾಗಲೂ ಅವಳು ಹೇಳಿದ್ದು ಅದನ್ನೇ. ನನ್ ಗಂಡ ಕಳ್ಳ ಅಲ್ಲ ಅಂತ ಊರಿಗೆ ತೋರಿಸ್ಕೊಡಿ ಮೇಡಂ. ಹುಡುಗ ಕುಡಿಯುತ್ತಾನಾ, ಹುಡುಗಿಗೆ ಬೇರೆ ಕಡೆ ಮಾತಾಗಿತ್ತಾ ಎಂಬ ಮದುವೆ ವಿಚಾರಣೆಗಳಲ್ಲೇ ದಿನ ಕಳೆಯುತ್ತಿದ್ದ ವರಲಕ್ಷ್ಮಿ, ಆ ಒಂದು ಮಾತಿಗೆ ಸೋತು ಈ ಕೇಸು ಹಿಡಿದಿದ್ದಳು.

ಅವಳು ಕುರ್ಚಿ ಎಳೆದು ಯಾರೂ ಹೇಳದೆಯೇ ಕುಳಿತಳು.

"ಜ್ವರ ಬಂತು ಅಂದ್ರಲ್ಲ ರಮೇಶ್‌ಬಾಬು. ಡಾಕ್ಟರು ಯಾರು ನೋಡಿದ್ರು?"

"ಡಾಕ್ಟ್ರು ಯಾಕೆ? ಆವಲಪ್ಪನೇ ಬರೆದಿಟ್ಟಿದಾನೆ. ಅವನ ಕೈಬರಹ." ಡ್ರಾಯರಿನಿಂದ ಒಂದು ಉದ್ದನೆಯ ನೋಟ್ ಪುಸ್ತಕ ತೆಗೆದು ಅವಳ ಮುಂದೆ ಎಸೆದ. "ಇದರ ಜೆರಾಕ್ಸ್ ಇಲಾಖೆಗೆ ಕೊಟ್ಟಿದೀನಿ. ಓದ್ಕೊಳ್ಳಿ. ಓದಕ್ಕೆ ಬರುತ್ತೆ ತಾನೇ?"

"ನಿಧಾನಕ್ಕೆ ಕೂಡಿಸ್ಕೊಂಡು ಓದ್ತೀನಿ," ಎಂದಳು ವರಲಕ್ಷ್ಮಿ.

ದಪ್ಪ ದಪ್ಪ ಅಕ್ಷರ. ಎರಡು ಕಡೆ ಪುಟದ ಮೂಲೆಯಲ್ಲಿ ಹಸಿರು ಬೆರಳಚ್ಚು.

*ಜೂನ್ 4. ಅರ್ಧ ಮರಿ ಒಂದನೇ ಜ್ವರಕ್ಕೆ ಕೂತವೆ. ಸೊಪ್ಪು ಬ್ಯಾಡ.*

*ಜೂನ್ 6. ಜ್ವರ ಎದ್ದವೆ. ಸೊಪ್ಪು ಹಾಕಿದೆ.*

*ಜುಲೈ 5. ಎರಡನೇ ಜ್ವರ. 62.*

*ಜುಲೈ 7. ಎಲ್ಲಾ ಜ್ವರ ಎದ್ದವೆ. 62.*

"ನೋಡಿದ್ರಾ?" ರಮೇಶ್‌ಬಾಬು ಬೆರಳಿಟ್ಟು ತೋರಿಸಿದ. "ಎಲ್ಲಾದಕ್ಕೂ ಜ್ವರ ಎದ್ದಿದೆ ಅಂತಾನೇ ಬರ್ದಿದಾನೆ. ಏರಿದೆ ಅಂತ. ಅರವತ್ತೆರಡಕ್ಕೂ."

ವರಲಕ್ಷ್ಮಿ ತಲೆ ಎತ್ತಿ ಯಶೋದಮ್ಮನನ್ನು ನೋಡಿದಳು. ಯಶೋದಮ್ಮ ಅವಳನ್ನು ನೋಡಿದಳು. ಅಷ್ಟು ಹೊತ್ತು ಉರಿಯುತ್ತಿದ್ದ ಆ ಹೆಂಗಸಿನ ಬಾಯಿಂದ ನಗು ಸಿಡಿಯಿತು. ಒಳ್ಳೆಯ ನಗುವಲ್ಲ ಅದು.

"ಅಯ್ಯೋ ನಿನ್ನ ಓದಿಗಿಷ್ಟು ಬೆಂಕಿ ಹಾಕ! ಜ್ವರ ಎದ್ದವೆ ಅಂದ್ರೆ ಸತ್ತೋದ್ವು ಅಂತೇನೋ?"

"ಏನಮ್ಮ ಹೋಗೋ ಬಾರೋ ಅಂತೀಯಾ..."

"ಅನ್ಸಿಕೊಳ್ಳಿ," ಎಂದಳು ವರಲಕ್ಷ್ಮಿ. "ನಾನು ಹದಿನೆಂಟು ವರ್ಷ ಚಾಕಿ ಸೆಂಟರಲ್ಲಿ ಮರಿ ಹುಳ ಸಾಕಿದೀನಿ ರಮೇಶ್‌ಬಾಬು, ನನ್ನನ್ನ ಕೇಳಿ. ರೇಷ್ಮೆ ಹುಳ ಹಳೇ ಚರ್ಮ ಬಿಡೋವಾಗ ತಲೆ ಎತ್ಕೊಂಡು ಅಲ್ಲಾಡದೆ ಕೂರುತ್ತೆ. ಒಂದು ದಿನ, ಬಿಟ್ಟರೆ ಒಂದೂವರೆ ದಿನ. ಅದಕ್ಕೆ ಈ ಕಡೆ ಜ್ವರ ಅಂತಾರೆ. ಆಗ ಸೊಪ್ಪು ಹಾಕಲ್ಲ. ಚರ್ಮ ಕಳಚಿ ಎದ್ರೆ ಜ್ವರ ಎದ್ದವೆ ಅಂತಾರೆ. ಜನ್ಮವೆಲ್ಲ ಹುಳ ಸಾಕಿದ ಮನುಷ್ಯ ಆವಲಪ್ಪ. ನಿಮ್ಮ ಮರಿಗಳು ಚರ್ಮ ಬಿಟ್ಟಾಗ ಬಾಯಿಗೆ ಬಂದ ಮಾತು ಬರ್ದಿದಾನೆ."

ಅವಳು ಪುಸ್ತಕವನ್ನು ಅವನ ಕಡೆ ತಿರುಗಿಸಿದಳು.

"ಅರವತ್ತೆರಡು ಮರಿ ಎರಡು ಸಲ ಚರ್ಮ ಬಿಟ್ಟು, ಆರೋಗ್ಯವಾಗಿ ಬೆಳೀತಿವೆ ಅಂತ ಇದರ ಅರ್ಥ. ಇದನ್ನ ಸಾವಿನ ಸಾಕ್ಷಿ ಅಂತ ಸರ್ಕಾರಕ್ಕೆ ಕೊಟ್ಟಿದೀರಾ?"

ಕೋನಪ್ಪ ಬಾಗಿಲ ಚೌಕಟ್ಟಿಗೆ ಒರಗಿ, "ಬಾಗುಂದಿ ಬಾಗುಂದಿ," ಎಂದು ತನ್ನಷ್ಟಕ್ಕೆ ಮೆಚ್ಚಿಕೊಂಡ. ಚಿಂತಾಮಣಿಯಾಚೆಯ ಹಳ್ಳಿಯವನು. ಖುಷಿಗೂ ಸಿಟ್ಟಿಗೂ ಅವನ ಬಾಯಿಗೆ ಮೊದಲು ಬರುವುದು ತೆಲುಗು.

ರಮೇಶ್‌ಬಾಬುವಿನ ಕಿವಿ ಕೆಂಪಾದವು. ವರಲಕ್ಷ್ಮಿ ಬಿಡಲಿಲ್ಲ.

"ಇನ್ನೊಂದು. ಸೋಮವಾರ ಮೇಲೂರು ರಸ್ತೆ ಮೋರಿ ಕೆಳಗೆ ನನಗೊಂದು ಪ್ಲಾಸ್ಟಿಕ್ ಕ್ರೇಟ್ ಸಿಕ್ತು. ಪಕ್ಕದಲ್ಲಿ ನಿಮ್ಮ ಫಾರಂ ಹೆಸರು ಪೇಂಟ್ ಮಾಡಿತ್ತು. ಒಳಗೆ ಒಣಗಿದ ಸೊಪ್ಪು, ಕಳಚಿದ ಚರ್ಮ. ಮೊಟ್ಟೆ ಕದ್ದೋನು ನಿಮ್ಮ ಹೆಸರಿನ ಕ್ರೇಟಲ್ಲಿ ತಂದು ರಸ್ತೆ ಪಕ್ಕ ಬಿಡ್ತಾನಾ?"

"ಕ್ರೇಟ್ ಯಾರು ಬೇಕಾದ್ರೂ..."

ಅವನ ಮಾತು ಮುಗಿಯುವ ಮೊದಲೇ ಯಶೋದಮ್ಮ ಮೇಜು ದಾಟಿ ಅವನ ಕಾಲರಿಗೆ ಕೈ ಹಾಕಿದ್ದಳು. ಬಿಡಿಸಲು ಕೋನಪ್ಪನೂ ವರಲಕ್ಷ್ಮಿಯೂ ಸೇರಬೇಕಾಯಿತು. ಬಿಡಿಸಿಕೊಂಡವನ ಅಂಗಿಯ ಒಂದು ಗುಂಡಿ ಹೋಗಿತ್ತು, ಅದರ ಜೊತೆಗೆ ಸಭ್ಯತೆಯೂ.

"ಹೌದು, ಬಿಟ್ಟೆ! ಏನಿವಾಗ?" ಎಂದು ಕೂಗಿದ. "ಒಂದು ಹೆಣ್ಣು ನಲವತ್ತು ಮೊಟ್ಟೆ ಇಡುತ್ತೆ. ನನ್ನ ಹತ್ರ ಮೂರು ಹೆಣ್ಣಿವೆ. ಮೊದಲನೇ ವರ್ಷ ಜನ ಮುಗಿಬಿದ್ದು ತಗೊಂಡ್ರು, ಅಂಗೈ ಮೇಲೆ ಇಟ್ಕೊಂಡು ಫೋಟೋ ಹಾಕಿದ್ರು. ಮುಂದಿನ ವರ್ಷ ಅದೇ ಜನ ಮೂಟೆ ಕಟ್ಕೊಂಡು ಬಂದು ಗೇಟಲ್ಲಿ ಬಿಟ್ಟೋದ್ರು. ಆರಡಿ ಬೆಳೆಯುತ್ತೆ ಅಂತ ಯಾಕ್ ಹೇಳ್ಲಿಲ್ಲ ಅಂತ ನನಗೇ ಬೈದ್ರು! ಹುಟ್ಟಿದ ಒಂದೊಂದನ್ನೂ ಇಲಾಖೆಗೆ ಬರೆದು ಕೊಡ್ಬೇಕು. ಹೋದ ವರ್ಷದ್ದೇ ತುಂಬಿ ತುಳುಕ್ತಿದೆ. ಎಲ್ಲಿಡ್ಲಿ ನಾನು? ತಲೆ ಮೇಲಾ?"

"ಮೊಟ್ಟೆ ಇಟ್ಟ ದಿನಾನೇ ತೆಗೆದು ಫ್ರಿಜ್ಜಲ್ಲಿ ಇಟ್ಟಿದ್ರೆ ಮರೀನೇ ಆಗ್ತಿರ್ಲಿಲ್ಲ," ಎಂದಳು ವರಲಕ್ಷ್ಮಿ.

"ಆ ಆವಲಪ್ಪನೂ ಅದನ್ನೇ ಹೇಳ್ದ. ದೊಡ್ಡ ಪಂಡಿತ!" ರಮೇಶ್‌ಬಾಬು ಉಸಿರು ಎಳೆದುಕೊಂಡ. "ಮೊದಲ ಸಲದ ಮರಿ ಬಿಟ್ಟೆ. ಇಷ್ಟು ಗಲಾಟೆ ಆಯ್ತು. ಅದಕ್ಕೇ ಈ ಅರವತ್ತೆರಡನ್ನ ಬಿಡ್ಲಿಲ್ಲ. ಎಲ್ಲಾ ತುಂಬಿ ಫ್ರೀಜರ್‌ಗೆ ಹಾಕು, ಬೆಳಗ್ಗೆ ಮಣ್ಣು ಮುಚ್ಚು ಅಂತ ಅವನಿಗೆ ಹೇಳ್ದೆ. ಮುಚ್ಚಿದ. ಹೊಂಡ ನಾನೇ ನೋಡಿದೀನಿ. ಜ್ವರಾನೋ ಫ್ರೀಜರೋ, ಸತ್ತಿದ್ದಂತೂ ಸತ್ತಿದಾವೆ."

ಗೋಡೆಯಾಚೆ ದೊಡ್ಡ ಇಗ್ವಾನಾ ಒಂದು ಜಾಲರಿಗೆ ಬಾಲ ಬೀಸಿದ ಸದ್ದು.

"ಕೇಳಿಸ್ಕೊಂಡ್ರಲ್ಲ," ಎಂದಳು ವರಲಕ್ಷ್ಮಿ, ಅಶ್ವತ್ಥಮ್ಮನ ಕಡೆ ತಿರುಗಿ. "ನಿಮ್ಮ ಗಂಡ ಕಳ್ಳ ಅಲ್ಲ."

"ಯಾರು ಕೇಳಿಸ್ಕೊಂಡ್ರು?" ರಮೇಶ್‌ಬಾಬು ಈಗ ನಗುತ್ತಿದ್ದ. "ಬೆಳೆ ಹೋದ ಸಿಟ್ಟಲ್ಲಿರೋ ಒಬ್ಬಳು, ಆಟೋದೋನೊಬ್ಬ, ಆವಲಪ್ಪನ ಹೆಂಡ್ತಿ. ನಿಮಗೆ ಅವಳು ಫೀಸ್ ಕೊಡ್ತಿದಾಳೆ. ಇಲಾಖೆಯೋರ ಮುಂದೆ ನಾನು ಇದ್ಯಾವುದನ್ನೂ ಹೇಳಲ್ಲ. ನಾನು ಬಿಟ್ಟಿದ್ದು, ಫ್ರೀಜರ್ ಅಂದಿದ್ದು ಎರಡೂ ಗೊತ್ತಿರೋನು ಆವಲಪ್ಪ ಒಬ್ಬನೇ. ಅವನನ್ನ ಕರ್ಕೊಂಡ್ ಬನ್ನಿ, ನೋಡೋಣ."

"ಹೊಂಡ ಎಲ್ಲಿ?" ಎಂದಳು ವರಲಕ್ಷ್ಮಿ.

"ಹಿಂದೆ. ಬೇವಿನ ಮರದ ಕೆಳಗೆ. ಅಗೀರಿ ಬೇಕಾದ್ರೆ, ಸಲಿಕೆ ನಾನೇ ಕೊಡ್ತೀನಿ."

ಅಶ್ವತ್ಥಮ್ಮ ಥಟ್ಟನೆ ಮುಂದೆ ಬಂದಳು.

"ಬ್ಯಾಡ ಮೇಡಂ. ಸತ್ತಿದ್ದನ್ನ ಯಾಕೆ ಕೆದಕ್ತೀರಾ? ಪಾಪ ಬರ್ತದೆ."

ಬಂದಾಗಿನಿಂದ ಅವಳು ಆಡಿದ ಎರಡನೇ ಮಾತು ಅದು. ವರಲಕ್ಷ್ಮಿ ಅವಳ ಮುಖವನ್ನು ಒಂದು ಗಳಿಗೆ ನೋಡಿ, ಹಿಂಬಾಗಿಲ ಕಡೆ ನಡೆದಳು.

ಮಣ್ಣು ಇನ್ನೂ ಸಡಿಲವಾಗಿತ್ತು. ಕೋನಪ್ಪ ಲುಂಗಿ ಎತ್ತಿ ಕಟ್ಟಿ ಅಗೆಯತೊಡಗಿದ. ಮೊಣಕಾಲಿನ ಆಳಕ್ಕೆ ಬಿಳಿ ಸುಣ್ಣ ಸಿಕ್ಕಿತು. ಅದರ ಕೆಳಗೆ ಗೋಣಿಚೀಲ. ಸಲಿಕೆಯ ತುದಿ ತಾಗಿ ಚೀಲ ಹರಿಯಿತು.

"ಅಯ್ಯಯ್ಯೋ, ಏಮಿ ಕಂಪು ಮೇಡಂ ಇದಿ!" ಎಂದು ಅವನು ಮೂಗು ಮುಚ್ಚಿಕೊಂಡು ಹಾರಿದ. ಕನ್ನಡದ ಕಂಪು ಅಲ್ಲ. ತೆಲುಗಿನಲ್ಲಿ ಕಂಪು ಎಂದರೆ ಗಬ್ಬುನಾತ.

ಆ ನಾತ ವರಲಕ್ಷ್ಮಿಗೆ ಗೊತ್ತಿತ್ತು. ಯಶೋದಮ್ಮನಿಗೂ ಗೊತ್ತಿತ್ತು, ಈ ವಾರವಷ್ಟೇ ಅವಳ ಮನೆಯ ತಿಪ್ಪೆಯಿಂದ ಅದೇ ಬಂದಿತ್ತು. ಇಬ್ಬರೂ ಒಟ್ಟಿಗೆ ಹೊಂಡದ ಮೇಲೆ ಬಗ್ಗಿದರು.

ಚೀಲದಲ್ಲಿ ಒಂದೇ ಒಂದು ಓತಿಕ್ಯಾತ ಇರಲಿಲ್ಲ. ಒಂದು ಬಾಲ ಕೂಡ ಇರಲಿಲ್ಲ.

ಬೆರಳುದ್ದದ ಹುಳಗಳು. ಸಾವಿರ ಸಾವಿರ. ಕಪ್ಪಾಗಿ, ನೀರೊಡೆದು, ಒಂದಕ್ಕೊಂದು ಅಂಟಿಕೊಂಡು.

"ರೇಷ್ಮೆ ಹುಳ," ಎಂದಳು ಯಶೋದಮ್ಮ ಮೆಲ್ಲಗೆ. "ನಾಲ್ಕನೇ ಜ್ವರ ಎದ್ದಿರೋ ಹುಳ ಇವು. ಇನ್ನೊಂದು ವಾರ ಇದ್ದಿದ್ರೆ ಹಣ್ಣಾಗಿ ಗೂಡು ಕಟ್ತಿದ್ವು. ಔಷಧಿ ಸೊಪ್ಪು ತಿಂದವೆ. ಯಾರ ಮನೇವು?"

"ನನ್ನ ಮರಿ ಎಲ್ಲಿ?" ರಮೇಶ್‌ಬಾಬು ಹೊಂಡದ ಅಂಚಿಗೆ ಬಂದು ನಿಂತಿದ್ದ. ಅವನ ದನಿಯಲ್ಲಿ ನಟನೆ ಇರಲಿಲ್ಲ. "ನನ್ನ ಅರವತ್ತೆರಡು ಮರಿ ಎಲ್ಲಿ?"

ಪತ್ತೇದಾರರಿಗೆ ಒಂದು ಕೆಟ್ಟ ಚಟವಿದೆ. ಲೆಕ್ಕ ಕೂಡಿಬಂದ ಕೂಡಲೇ ಬಾಯಿ ತೆರೆಯುವುದು. ವರಲಕ್ಷ್ಮಿಗೂ ಅದು ಇತ್ತು, ಆ ದಿನ ಅವಳು ಅದನ್ನು ಹಿಡಿದುಕೊಳ್ಳಲಿಲ್ಲ.

"ಶನಿವಾರ ನಿಮ್ಮ ಮನೆಗೆ ಬಂದಿದ್ದೆ ಅಶ್ವತ್ಥಮ್ಮ. ಹುಳದ ಮನೆ ಹೊಸ್ತಿಲಲ್ಲೇ ನಿಲ್ಲಿಸಿದ್ರಿ. ಹುಳ ಜ್ವರಕ್ಕೆ ಕೂತವೆ, ಹೊರಗಿನೋರು ಬರಬ್ಯಾಡಿ ಅಂದ್ರಿ. ಸರಿ, ಎಲ್ಲರ ಮನೇಲೂ ಹಾಗೇ ಅಂತಾರೆ. ನಾನೇ ಎಷ್ಟೋ ಜನಕ್ಕೆ ಅಂದಿದೀನಿ. ಸೋಮವಾರ ಬಂದೆ. ಆಗಲೂ ಜ್ವರ. ಇವತ್ತು ಬುಧವಾರ, ಬೆಳಗ್ಗೆ ಕರ್ಕೊಂಡು ಬರಕ್ಕೆ ಬಂದಾಗಲೂ ಜ್ವರ ಅಂದ್ರಿ."

ಅಶ್ವತ್ಥಮ್ಮ ನೆಲ ನೋಡುತ್ತಿದ್ದಳು.

"ಒಂದೂವರೆ ದಿನದ ಜ್ವರ ಐದು ದಿನ ಹೇಗಿರುತ್ತಮ್ಮ? ಅದೂ ಅಲ್ದೆ, ಜ್ವರದ ಹುಳಕ್ಕೆ ಸೊಪ್ಪು ಹಾಕಲ್ಲ. ಇವತ್ತು ಬೆಳಗ್ಗೆ ನೀವು ಒಂದು ಹೊರೆ ಸೊಪ್ಪು ಒಳಗೆ ತಗೊಂಡ್ ಹೋಗಿದ್ದನ್ನ ನಾನು ಕಣ್ಣಾರೆ ನೋಡ್ದೆ. ನಿಮ್ಮ ಹುಳವೂ ಎಲ್ಲರ ಹುಳದ ಜೊತೆಗೇ ಸತ್ತಿತ್ತು. ಊರಿಗೆ ಹೇಳ್ಲಿಲ್ಲ. ಆವಲಪ್ಪನ ಕೈಲಿ ಅರವತ್ತೆರಡು ಜೀವ ಫ್ರೀಜರ್‌ಗೆ ತುಂಬಕ್ಕೆ ಆಗ್ಲಿಲ್ಲ. ಸತ್ತ ಹುಳ ಇಲ್ಲಿಗೆ ಬಂತು, ಮರಿ ನಿಮ್ಮ ಹುಳದ ಮನೆಗೆ ಹೋದ್ವು. ಜ್ವರ ಅಂದ್ರೆ ಮೇಲೂರಲ್ಲಿ ಒಬ್ರೂ ಬಾಗಿಲು ತಳ್ಳಲ್ಲ ಅಂತ ಗೊತ್ತಿತ್ತು ನಿಮಗೆ."

"ಹುಳದ ಮನೇಲಿ!" ಯಶೋದಮ್ಮ ಕೂಗಿದಳು. "ನಮ್ಮ ಹೊಟ್ಟೆ ಮೇಲೆ ಹೊಡೆದ ಪಿಶಾಚಿಗಳನ್ನ ಹುಳದ ಮನೇಲಿ ಕೂರಿಸ್ಕೊಂಡು ಸೊಪ್ಪು ತಿನ್ನಿಸ್ತಿದೀಯೇನೇ, ಅಶ್ವತ್ಥಿ?"

ಅವಳು ಆಗಲೇ ಫೋನ್ ಕಿವಿಗಿಟ್ಟಿದ್ದಳು.

"ಅಲೋ, ವೆಂಕಟರವಣಪ್ಪಾ? ಬಾವ, ನಾನು ಯಶೋದಿ. ಸ್ಪ್ರೇ ಮಿಷನ್ ಎಲ್ಲೈತೆ? ಅಶ್ವತ್ಥಿ ಹುಳದ ಮನೆ ತುಂಬ ಹಸಿರು ಓತಿಕ್ಯಾತ ಅವೆಯಂತೆ. ಹ್ಞೂ, ನಮ್ಮ ಅಶ್ವತ್ಥೀನೇ! ಬೀಗ ಹಾಕಿದ್ರೆ ಹಾಕಿರ್ಲಿ, ಕಿಟಕಿ ಸಂದಿಯಿಂದ ಪೈಪ್ ಬಿಡಿ. ಒಂದೂ ಉಳೀಬಾರ್ದು. ಟ್ಯಾಂಕ್ ಪೂರಾ ಖಾಲಿ ಮಾಡಿ."

"ಯಶೋದಮ್ಮ, ಬೇಡ. ಇಲಾಖೆಯೋರು ಬರ್ಲಿ," ಎಂದಳು ವರಲಕ್ಷ್ಮಿ. "ಮರಿಗಳೇ ಸಾಕ್ಷಿ..."

"ನಿಮ್ಮ ಸಾಕ್ಷಿ ನನ್ನ ಬೆಳೆ ವಾಪಸ್ ಕೊಡುತ್ತಾ?"

"ಹೊಡೀಲಿ ಬಿಡಿ ಮೇಡಂ," ಎಂದ ರಮೇಶ್‌ಬಾಬು. ಗುಂಡಿ ಹೋದ ಅಂಗಿಯನ್ನು ಸರಿಮಾಡಿಕೊಳ್ಳುತ್ತ ಅವನು ಪೂರ್ತಿ ಸಮಾಧಾನಕ್ಕೆ ಬಂದಿದ್ದ. "ನಾನು ಮಾಡ್ಬೇಕಾದ ಕೆಲಸ ಊರೇ ಮಾಡ್ತಿದೆ."

ಆಗ ಅಶ್ವತ್ಥಮ್ಮ ಕುಸಿದು ಕುಳಿತಳು. ಹೊಂಡದ ಅಂಚಿನ ಸುಣ್ಣದ ಮೇಲೆಯೇ.

"ಅಶ್ವತ್ಥಮ್ಮ, ಎದ್ದೇಳಿ. ಆವಲಪ್ಪನನ್ನ ಹುಡುಕೋದು ಇನ್ನೂ ಬಾಕಿ ಇದೆ, ಅವನು ಸಿಕ್ಕಿದ್ರೆ..."

ವರಲಕ್ಷ್ಮಿಯ ಮಾತು ಅಲ್ಲೇ ನಿಂತಿತು.

ಶನಿವಾರ ಈ ಹೆಂಗಸು ಕಚೇರಿಯಲ್ಲಿ ಒಂದು ಗಂಟೆ ಕೂತಿದ್ದಳು. ಗಂಡ ಕಳ್ಳ ಅಲ್ಲ ಎಂದು ತೋರಿಸಿಕೊಡಿ ಎಂದಿದ್ದಳು. ನಾಲ್ಕು ಸಲ ಎಂದಿದ್ದಳು. ಹುಡುಕಿಕೊಡಿ ಎಂದು ಒಂದು ಸಲವೂ ಎಂದಿರಲಿಲ್ಲ.

ಅಶ್ವತ್ಥಮ್ಮ ಸೆರಗಿನ ತುದಿಯ ಗಂಟನ್ನು ಬಿಚ್ಚಲು ನೋಡುತ್ತಿದ್ದಳು. ಕೊನೆಗೆ ಹಲ್ಲಿನಿಂದ ಎಳೆದಳು. ಒಂದು ಕೀಲಿಕೈ ಅವಳ ಮಡಿಲಿಗೆ ಬಿತ್ತು.

"ಹೊರಗಿಂದ ಬೀಗ ಹಾಕ್ಕೊಂಡು ಬಂದಿದೀನಿ ಮೇಡಂ," ಎಂದಳು. "ಬೀಗ ಇದ್ರೆ ಒಳಗೆ ಮನುಷ್ಯರು ಅವ್ರೆ ಅಂತ ಯಾರೂ ಅಂದ್ಕೊಳ್ಳಲ್ಲ ಅಂತ ಅವರೇ ಹೇಳಿದ್ರು. ರಾತ್ರಿ ಎಲ್ಲಾ ಮರಿ ಕಾಯ್ತಾರೆ. ಈ ಹೊತ್ತಲ್ಲಿ ಮಲಗಿರ್ತಾರೆ."

ಯಶೋದಮ್ಮ ಬಗ್ಗಿ ಅವಳ ಭುಜ ಹಿಡಿದಳು.

"ಆವಲಪ್ಪಣ್ಣ ಒಳಗವ್ನಾ?"

ಉತ್ತರಕ್ಕೆ ಕಾಯದೆ ಅವಳು ಫೋನ್ ಒತ್ತಿದಳು. ರಿಂಗಾಯಿತು. ಎತ್ತಲಿಲ್ಲ. ಮತ್ತೆ ಒತ್ತಿದಳು. ಕೋನಪ್ಪ ಸಲಿಕೆ ಬಿಸಾಡಿ ಆಟೋ ಕಡೆ ಓಡಿದ, ಸ್ಟಾರ್ಟ್ ಮಾಡಿ ತಿರುಗಿಸಿದ, ಗೇಟಿನವರೆಗೆ ಹೋಗಿ ನಿಂತ.

ಜೀಪು ಅಡ್ಡ ಇತ್ತು.

"ಕೀ ಕೊಡಿ," ಎಂದಳು ವರಲಕ್ಷ್ಮಿ.

ಮೇಲೂರಿಗೆ ಎರಡು ಮೈಲಿ. ಓಡಿದರೆ ಅರ್ಧ ಗಂಟೆ, ಆಟೋದಲ್ಲಿ ಐದು ನಿಮಿಷ. ಸ್ಪ್ರೇ ಮಿಷನ್ನಿನ ಟ್ಯಾಂಕ್ ಖಾಲಿಯಾಗಲು ಎಷ್ಟು ಹೊತ್ತು ಎಂದು ಅವಳಿಗೆ ಗೊತ್ತಿತ್ತು.

ರಮೇಶ್‌ಬಾಬು ಅವಳನ್ನೇ ನೋಡುತ್ತಿದ್ದ. ಅವನ ಕೈ ಜೇಬಿನ ಮೇಲೆ ಬಂದು, ಅಲ್ಲೇ ನಿಂತಿತು. ಎಲ್ಲವನ್ನೂ ಬಲ್ಲವನು ಆವಲಪ್ಪ ಒಬ್ಬನೇ. ಸ್ವಲ್ಪ ಹೊತ್ತಿನ ಹಿಂದೆ ಅವನೇ ಬಾಯಿಬಿಟ್ಟು ಹೇಳಿದ್ದ ಮಾತು.

"ಕೀ ಎಲ್ಲಿಟ್ಟೆ ಅಂತ ನೆನಪಾಗ್ತಿಲ್ಲ ಮೇಡಂ," ಎಂದ.

ಅಷ್ಟರಲ್ಲಿ ಆ ಕಡೆ ಯಾರೋ ಫೋನ್ ಎತ್ತಿದರು. ಯಶೋದಮ್ಮ ಸ್ಪೀಕರ್ ಒತ್ತಿ, "ಬಾವಾ, ನಿಲ್ಸಿ! ನಿಲ್ಸಿ!" ಎಂದು ಚೀರಿದಳು.

ಮಾತು ಬರಲಿಲ್ಲ. ಮೋಟಾರಿನ ಸದ್ದು ಮಾತ್ರ ಬಂತು. ಅದರ ಹಿಂದೆ, ಬಹಳ ದೂರದಲ್ಲಿ ಎಂಬಂತೆ, ಯಾರೋ ಒಳಗಿನಿಂದ ಬಾಗಿಲು ಬಡಿಯುತ್ತಿದ್ದರು.